ದಯೆಯಿಂದ ಹಕ್ಕಿನವರೆಗೆ

1883ರಲ್ಲಿ ಕಾರ್ಮಿಕರಿಗೆ ಆರೋಗ್ಯ ವಿಮೆಯ ಕಾನೂನು ತಂದ ಜರ್ಮನಿಯ ಚಾನ್ಸಲರ್ ಬಿಸ್ಮಾರ್ಕ್ ಕರುಣಾಳುವೇನಲ್ಲ. ಐದು ವರ್ಷ ಮೊದಲು ಸಮಾಜವಾದಿಗಳ ಸಭೆ, ಪತ್ರಿಕೆಗಳಿಗೆ ನಿಷೇಧ ಹೇರಿದ್ದೂ ಅವನ ಸರ್ಕಾರವೇ. ದಂಡಕ್ಕೆ ಬಗ್ಗದವರನ್ನು ದಾನದಿಂದ ಒಲಿಸಿಕೊಳ್ಳಲು ಹೊರಟ. ಚತುರೋಪಾಯ ಬಲ್ಲ ನಮಗೆ ಇದು ಹೊಸತಲ್ಲ. 1889ರಲ್ಲಿ 70 ದಾಟಿದ ಕಾರ್ಮಿಕರಿಗೆ ಪಿಂಚಣಿಯೂ ಬಂತು.

ಹೀಗೆ ಸಮಾಜವಾದಿಗಳ ಭಯದಿಂದ ಹುಟ್ಟಿದ ಕಲ್ಯಾಣ ವ್ಯವಸ್ಥೆ ಆ ಭಯ ಕಳೆದ ಮೇಲೂ ಉಳಿದದ್ದೇಕೆ? ಹಣ ಹೆಚ್ಚಾಯಿತು, ಹಂಚಿದರು ಎಂಬ ಉತ್ತರ ಇತಿಹಾಸಕ್ಕೆ ಒಗ್ಗುವುದಿಲ್ಲ. ಬ್ರಿಟನ್ ತನ್ನ ಸಾಮ್ರಾಜ್ಯದ ಸಿರಿ ಏರುತ್ತಿದ್ದಾಗಲೇ ನಿರ್ಗತಿಕರನ್ನು ವರ್ಕ್‌ಹೌಸ್ ಎಂಬ ದುಡಿಮೆಮನೆಗಳಿಗೆ ತಳ್ಳಿತ್ತು. ಅಲ್ಲಿ ಗಂಡ, ಹೆಂಡತಿ, ಮಕ್ಕಳನ್ನು ಬೇರೆ ಬೇರೆ ಇಡುತ್ತಿದ್ದರು. ನೆರವು ಬೇಡಲು ಜನ ಹೆದರಬೇಕು ಎಂಬುದೇ 1834ರ ಬಡವರ ಕಾನೂನಿನ ಲೆಕ್ಕಾಚಾರ. ಅದೇ ಬ್ರಿಟನ್ 1948ರ ಜುಲೈ 5ರಂದು ಎಲ್ಲರಿಗೂ ಉಚಿತ ಚಿಕಿತ್ಸೆ ನೀಡುವ ರಾಷ್ಟ್ರೀಯ ಆರೋಗ್ಯ ಸೇವೆ ಆರಂಭಿಸಿತು. ಆಗ ದೇಶದ ತಲೆಯ ಮೇಲೆ ಎರಡನೇ ಮಹಾಯುದ್ಧದ ಸಾಲವಿತ್ತು. ಬ್ರೆಡ್ಡನ್ನೂ ಪಡಿತರದಲ್ಲಿ ಅಳೆದು ಕೊಡುತ್ತಿದ್ದ ಕಾಲ.

ಬೊಕ್ಕಸ ಬರಿದಾಗಿದ್ದರೂ ಮನಸ್ಸು ಬದಲಾಗಿತ್ತು. ಬಡತನ ಸೋಮಾರಿತನದ ಫಲ ಎಂಬ ನಂಬಿಕೆಯನ್ನು 1930ರ ದಶಕದ ಆರ್ಥಿಕ ಕುಸಿತ ಅಲುಗಾಡಿಸಿತು. ದುಡಿಯಲು ಸಿದ್ಧರಿದ್ದ ಲಕ್ಷಾಂತರ ಮಂದಿಗೆ ಕೆಲಸವೇ ಇರಲಿಲ್ಲ. ಯುದ್ಧದ ನಡುವೆಯೇ, 1942ರಲ್ಲಿ, ಅರ್ಥಶಾಸ್ತ್ರಜ್ಞ ವಿಲಿಯಂ ಬೆವರಿಜ್ ಸರ್ಕಾರಕ್ಕೆ ಕೊಟ್ಟ ವರದಿ ಕೊರತೆ, ಕಾಯಿಲೆ, ಅಜ್ಞಾನ, ಕೊಳಕು, ನಿರುದ್ಯೋಗಗಳನ್ನು ಇಡೀ ದೇಶ ಎದುರಿಸಬೇಕಾದ ಐದು ದೈತ್ಯರೆಂದು ಕರೆಯಿತು.

ಶ್ರೀಮಂತ ದೇಶಗಳ ಕಲ್ಯಾಣ ವೆಚ್ಚದ ದೊಡ್ಡ ಪಾಲು ಇಂದು ಹೋಗುವುದು ಪಿಂಚಣಿಗೆ, ಚಿಕಿತ್ಸೆಗೆ. ಮುಪ್ಪು, ಕಾಯಿಲೆ ಯಾರ ಮನೆಯನ್ನೂ ಬಿಡುವುದಿಲ್ಲ. ಈಗ ತೆರಿಗೆ ಕಟ್ಟುತ್ತಿರುವ ಯುವಕ ಸರ್ಕಾರದ ಹಣದಲ್ಲೇ ಶಾಲೆ ಕಲಿತವನು, ನಾಳೆ ಅದರಲ್ಲೇ ಪಿಂಚಣಿ ಪಡೆಯುವವನು. ಕೊಡುವವನೂ ಪಡೆಯುವವನೂ ಬಹುಮಟ್ಟಿಗೆ ಒಬ್ಬನೇ. ವಯಸ್ಸು ಮಾತ್ರ ಬೇರೆ.

ದಾನಕ್ಕೆ ದಾನಿಯ ಮರ್ಜಿ ಬೇಕು. ಪಡೆದವನು ಋಣದ ಭಾರ ಹೊರಬೇಕು. ಕಾನೂನಿನಂತೆ ಬರುವ ಹಣಕ್ಕೆ ಈ ಎರಡೂ ಬೇಡ. ಶಕ್ತಿಯಿರುವಾಗಲೇ ತನ್ನ ಅಶಕ್ತಿಯನ್ನು ಒಪ್ಪಿಕೊಂಡ ಸಮಾಜ ಮಾತ್ರ ಇಂಥ ಕಾನೂನು ಮಾಡಬಲ್ಲದು.

ವೃದ್ಧರು ಹೆಚ್ಚಿ, ದುಡಿಯುವ ಕೈಗಳು ಕಡಿಮೆಯಾಗುತ್ತಿರುವ ಶ್ರೀಮಂತ ದೇಶಗಳಲ್ಲಿ ಈಗ ವೆಚ್ಚದ ಜಗಳ ಜೋರಾಗಿದೆ. ಎಷ್ಟು ಖರ್ಚು, ಯಾರಿಗೆ, ಯಾವ ವಯಸ್ಸಿನಿಂದ ಎಂಬ ಚರ್ಚೆ ನಡೆಯಲೇಬೇಕು. ಆದರೆ ಬಿದ್ದವರನ್ನು ಎತ್ತುವುದು ಉಳಿದವರ ಔದಾರ್ಯಕ್ಕೆ ಬಿಟ್ಟ ವಿಷಯ ಎಂದು ತೀರ್ಮಾನಿಸಿದರೆ, ಎಷ್ಟೇ ಸಿರಿ ಇದ್ದರೂ ಅವು ಮರಳುವುದು 1834ಕ್ಕೇ.