ಹಿಂದುಳಿಯುವ ಮಗುವಿಗೆ ಸಲ್ಲತಕ್ಕ ಪಾಲು

ಒಂದು ಹಳ್ಳಿಯ ಪಾಠಶಾಲೆಯಲ್ಲಿ ಒಬ್ಬ ಉಪಾಧ್ಯಾಯರ ಕೈಯಲ್ಲಿ ನಾಲ್ವತ್ತು ಮಕ್ಕಳಿದ್ದಾರೆಂದು ಎಣಿಸಿಕೊಳ್ಳಿರಿ. ಅವರಲ್ಲಿ ಒಬ್ಬ ಹುಡುಗನು ಮೂರನೆಯ ತರಗತಿಗೆ ಬಂದರೂ ಬಕಾರ ಭಕಾರಗಳ ಭೇದವನ್ನರಿಯನು. ಒತ್ತಕ್ಷರವನ್ನು ಕಂಡ ಕೂಡಲೇ ತಡವರಿಸಿ ನಿಂತುಬಿಡುವನು. ಬಾಯಿಲೆಕ್ಕವನ್ನು ಕೇಳಿದರೋ ಎಲ್ಲರಿಗಿಂತ ಮುಂಚೆ ಉತ್ತರ ಹೇಳುವನು. ಉಪಾಧ್ಯಾಯರು ದಿನಾಲು ಅರ್ಧ ಗಂಟೆಯನ್ನು ಇವನೊಬ್ಬನಿಗೋಸ್ಕರ ತೆಗೆದಿಡುತ್ತಾರೆ. ಹೀಗಿರಲಾಗಿ ಬೇರೊಬ್ಬ ಹುಡುಗನ ತಂದೆಯು ಬಂದು, “ಅಯ್ಯಾ, ನನ್ನ ಮಗನು ಮಾಡಿದ ತಪ್ಪೇನು? ಅವನ ಪಾಲಿನ ಹೊತ್ತನ್ನು ತೆಗೆದು ಈ ಮಂದಮತಿಗೆ ಕೊಡುವದು ನ್ಯಾಯವೋ?” ಎಂದು ಕೇಳಿದರೆ ಏನು ಹೇಳೋಣ?

ಈ ಪ್ರಶ್ನೆಯನ್ನು ತಾತ್ಸಾರ ಮಾಡಬಾರದು. ಕೂಲಿ ಮಾಡಿ ಮಗನನ್ನು ಓದಿಸುವವನಿಗೆ ಪಾಠಶಾಲೆಯ ಪ್ರತಿ ಗಳಿಗೆಯೂ ಬೆಲೆಯುಳ್ಳದ್ದು. ಕರುಣೆಯಿಂದ ಕೊಡುತ್ತೇವೆಂದು ಹೇಳಿದರೆ ಸಾಲದು. ಯಾಕಂದರೆ ಕರುಣೆಯನ್ನು ತನ್ನ ಸ್ವಂತ ಗಂಟಿನಿಂದ ತೋರಿಸಬೇಕೇ ಹೊರತು ಮತ್ತೊಬ್ಬನ ಪಾಲಿನಿಂದಲ್ಲ. ಆ ಅರ್ಧ ಗಂಟೆಯು ನ್ಯಾಯವೇ ಆಗಿದ್ದರೆ ಮಾತ್ರ ನಿಲ್ಲುವದು.

ನಾಲೆಯ ನೀರನ್ನು ಹಂಚುವ ನೀರಗಂಟಿಯನ್ನು ನೋಡಿರಿ. ತೂಬಿನ ಬಳಿಯ ಗದ್ದೆಗೂ ಕಟ್ಟಕಡೆಯ ಗದ್ದೆಗೂ ಅವನು ಒಂದೇ ಹೊತ್ತು ನೀರು ಬಿಟ್ಟರೆ, ಕಡೆಯ ಗದ್ದೆಯ ನೀರು ದಾರಿಯಲ್ಲಿಯೇ ಇಂಗಿಹೋಗುವದು. ಹೊತ್ತು ಸಮವಾಯಿತು, ನೀರು ಸಮವಾಗಲಿಲ್ಲ. ಪೈರು ಬೆಳೆಯುವದು ನೀರಿನಿಂದಲ್ಲವೋ? ಆದರೆ ನೀರೇ ಕಡಿಮೆಯಾದ ವರುಷ ಏನು ಮಾಡಬೇಕೆಂದು ಕೇಳುವಿರಿ. ಇದು ಕಠಿಣವಾದ ಮಾತೇ. ಒಬ್ಬ ಉಪಾಧ್ಯಾಯರು ನಾಲ್ವತ್ತು ಮಕ್ಕಳ ನಡುವೆ ಎರಡಾಗಿ ಸೀಳಿಕೊಳ್ಳಲಾರರು. ಆಗ ಊರೆಲ್ಲಾ ಸೇರಿ ಹೆಚ್ಚು ನೀರನ್ನು ಕೇಳಬೇಕು, ಅಂದರೆ ಇನ್ನೊಬ್ಬ ಉಪಾಧ್ಯಾಯರನ್ನು ಬೇಡಬೇಕು. ಕಡೆಯ ಗದ್ದೆಯನ್ನೇ ಮೊದಲು ಒಣಗಗೊಡುವದು ಸರಿಯಲ್ಲ. ಅದರ ಒಡೆಯನೂ ಕಂದಾಯ ಕೊಟ್ಟವನೇ.

ಕಲಿಯಲಾರದ ಮಗು ಎಂದು ನಾವು ಹೇಳುವಾಗ, ಕಲಿಸಲು ನಾವು ಅರಿಯೆವು ಎಂಬುದೇ ಅನೇಕ ಸಾರಿ ಅದರ ಅರ್ಥವಾಗಿರುತ್ತದೆ. ಇದಕ್ಕೆ ಮೈಸೂರು ಪಟ್ಟಣವೇ ಸಾಕ್ಷಿ. 1901ರಲ್ಲಿ ಎಂ. ಶ್ರೀನಿವಾಸರಾಯರು ಅಲ್ಲಿ ಕಿವುಡ ಮತ್ತು ಕುರುಡ ಮಕ್ಕಳಿಗಾಗಿ ಪಾಠಶಾಲೆಯನ್ನು ತೆರೆದರು. ಕಾಗದದ ಮೇಲೆ ಎಬ್ಬಿಸಿದ ಆರು ಚುಕ್ಕೆಗಳ ಬ್ರೈಲ್ ಲಿಪಿಯನ್ನು ಬೆರಳಿಗೆ ಒದಗಿಸಿದರೆ ಕಣ್ಣಿಲ್ಲದ ಮಗುವೂ ಓದುವದು. ಮಗುವಿನ ಕಣ್ಣು ಬದಲಾಗಲಿಲ್ಲ, ಪುಸ್ತಕ ಬದಲಾಯಿತು. 1965ರಲ್ಲಿ ಅದೇ ಪಟ್ಟಣದಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಸ್ಥಾಪಿತವಾಯಿತು. ಮಾನಸಗಂಗೋತ್ರಿಯಲ್ಲಿರುವ ಈ ಸಂಸ್ಥೆಯಲ್ಲಿ ಕಿವಿಯನ್ನು ಪರೀಕ್ಷಿಸುತ್ತಾರೆ, ಮಾತನ್ನು ತಿದ್ದುತ್ತಾರೆ. ಕಿವಿ ಮಂದವಾದ ಎಳೆಯ ಮಕ್ಕಳ ತಾಯಂದಿರಿಗೂ ಕಲಿಸುವ ಕ್ರಮವನ್ನು ಹೇಳಿಕೊಡುತ್ತಾರೆ. ಹಿಂದಿನ ಸಾಲಿನಲ್ಲಿ ಕುಳಿತು ಕರೆದರೂ ತಿರುಗದ ಎಷ್ಟು ಮಕ್ಕಳು ಕಿವಿ ಕೇಳಿಸದ್ದಕ್ಕಾಗಿ ಸೋಮಾರಿಗಳೆಂಬ ಹೆಸರು ಹೊತ್ತು ಪೆಟ್ಟು ತಿಂದಿರಬಹುದು!

ಕಣ್ಣು ಕಿವಿಗಳ ಕೊರತೆಯು ಬೇಗನೆ ತಿಳಿಯುವದು. ಅಕ್ಷರದಲ್ಲಿ ಮಾತ್ರ ಎಡವುವವನ ಕೊರತೆ ಯಾರಿಗೂ ಕಾಣಿಸದು. 1995ರ ಕಾಯಿದೆಯು ಏಳು ವಿಧದ ಅಂಗವಿಕಲತೆಗಳನ್ನು ಹೇಳಿದಾಗ ಇದನ್ನು ಸೇರಿಸಿರಲಿಲ್ಲ. 2016ರ ಕಾಯಿದೆಯು ಹೇಳಿದ ಇಪ್ಪತ್ತೊಂದರಲ್ಲಿ ಕಲಿಕೆಯ ಈ ತೊಡಕೂ ಸೇರಿತು. ಅಷ್ಟರ ವರೆಗೆ ಇಂಥವನಿಗೆ ದೊರೆತದ್ದು ಬೆತ್ತವೇ. ಇದು ಯಾರ ಪಾಪದ ಫಲವೆಂದು ನೆರೆಯವರು ಕೇಳುವದೂ ಉಂಟು. ಹುಟ್ಟುಕುರುಡನನ್ನು ಕಂಡ ಶಿಷ್ಯರೂ ಹಾಗೆಯೇ ಕೇಳಿದರು. ಅವರಿಗೆ ದೊರೆತ ಉತ್ತರವನ್ನು ನೀವು ಬಲ್ಲಿರಿ.

ಈಗ ಆ ಹುಡುಗನಿಗೆ ಪರೀಕ್ಷೆಯಲ್ಲಿ ಹೆಚ್ಚು ಹೊತ್ತು ದೊರೆಯಬಹುದು; ಅಗತ್ಯವಿದ್ದರೆ ಅವನು ಹೇಳಿದ್ದನ್ನು ಬರೆಯಲು ಒಬ್ಬ ಸಹಾಯಕನೂ ದೊರೆಯಬಹುದು. ಆದರೆ ಅದಕ್ಕೆ ವೈದ್ಯರ ಪ್ರಮಾಣಪತ್ರ ಬೇಕು, ಅದಕ್ಕಾಗಿ ಪಟ್ಟಣಕ್ಕೆ ಹೋಗಬೇಕು, ಒಂದೇ ಸಾರಿಗೆ ಮುಗಿಯದೆಯೂ ಇರಬಹುದು. ತಾಯಿಗೆ ಅಂದಿನ ಕೂಲಿ ಹೋಗುವದು, ಬಸ್ಸಿನ ಹಣ ಬೇಕಾಗುವದು, ಅರ್ಜಿಯನ್ನು ಓದಲು ಅವಳಿಗೆ ಬಾರದು. ಆ ಮುಂಜಾನೆ ಅವಳ ಸಂಗಡ ಬಸ್ಸು ಹತ್ತುವವರು ನಮ್ಮ ಊರಲ್ಲಿ ಯಾರಿದ್ದಾರೆ? ಅವಳ ಮನೆಯ ಕುರಿಗಳನ್ನು ಸಂಜೆಯ ತನಕ ಕಾಯುವವರು ಯಾರು?