ಆರನೆಯ ಸೂನೆ

ಗೃಹಸ್ಥನ ಮನೆಯಲ್ಲಿ ಐದು ಸೂನೆಗಳಿವೆ ಎನ್ನುತ್ತದೆ ಮನುಸ್ಮೃತಿಯ ಮೂರನೆಯ ಅಧ್ಯಾಯ. ಸೂನೆ ಎಂದರೆ ಪ್ರಾಣಿವಧೆ ನಡೆಯುವ ಜಾಗ. ಒಲೆ, ಬೀಸುವ ಕಲ್ಲು, ಪೊರಕೆ, ಒರಳು, ನೀರಿನ ಕೊಡ ಎಂಬ ಐದು ನಿರುಪದ್ರವಿ ವಸ್ತುಗಳಿಗೆ ಇಷ್ಟು ಕಠೋರವಾದ ಹೆಸರಿಟ್ಟಿರುವುದು, ಕೊಲ್ಲುವ ಉದ್ದೇಶವೇ ಇಲ್ಲದ ದಿನನಿತ್ಯದ ಕೆಲಸದಲ್ಲೂ ಸಣ್ಣ ಜೀವಗಳು ಹೋಗುತ್ತವೆ ಎಂಬುದನ್ನು ಮನೆಯವರು ಮರೆಯದಿರಲೆಂದು. ಇದಕ್ಕೆ ಪರಿಹಾರವಾಗಿ ವಿಧಿಸಿದ ಪಂಚಮಹಾಯಜ್ಞಗಳಲ್ಲಿ ಭೂತಯಜ್ಞವೂ ಒಂದು. ಮನುಷ್ಯರಲ್ಲದ ಜೀವಿಗಳಿಗೆ ಅನ್ನದಲ್ಲಿ ಪಾಲು ತೆಗೆದಿಡುವುದೇ ಭೂತಯಜ್ಞ. ಆ ಐದು ಸೂನೆಗಳ ಪಟ್ಟಿಯಲ್ಲಿಲ್ಲದ ಸಾಧನವೊಂದು ಈಗ ಗೃಹಸ್ಥನ ಬಳಿಗೆ ಬಂದಿದೆ. ದಟ್ಟಗಳ್ಳಿ, ಬೋಗಾದಿ, ವಿಜಯನಗರಗಳಂಥ ಮೈಸೂರಿನ ಬಡಾವಣೆಗಳ ಖಾಲಿ ಸೈಟುಗಳಲ್ಲಿ ಮುಂಗಾರಿನಿಂದ ಹಿಂಗಾರಿನವರೆಗೆ ಎದೆಯೆತ್ತರ ಬೆಳೆದು, ದಂಟು ಬಲಿತು ನಿಲ್ಲುವ ಹುಲ್ಲನ್ನು ಕುಡುಗೋಲು ಹಿಡಿದು ಕೊಯ್ಯುವವರು ಈಗ ವಿರಳ. ಆ ಕೆಲಸಕ್ಕೆ ಬ್ರಷ್ ಕಟರ್ ಬಂದಿದೆ. ಉದ್ದನೆಯ ಕೊಳವೆಯ ತುದಿಯಲ್ಲಿ ಲೋಹದ ಅಲಗನ್ನೋ ನೈಲಾನ್ ದಾರವನ್ನೋ ನಿಮಿಷಕ್ಕೆ ಸಾವಿರಾರು ಸುತ್ತು ತಿರುಗಿಸುವ ಯಂತ್ರವದು. ಮನುವಿನ ಪಟ್ಟಿಗೆ ಆರನೆಯದನ್ನು ಸೇರಿಸುವುದಾದರೆ ಇದನ್ನೇ ಸೇರಿಸಬೇಕು. ಹಾಗೆ ಸೇರಿಸಿದ ಮೇಲೆ, ಯಾವ ಯಂತ್ರ ಕೊಳ್ಳಬೇಕೆಂಬ ಪ್ರಶ್ನೆಯನ್ನು ಬೆಲೆ, ಬಲಗಳ ಲೆಕ್ಕಕ್ಕಷ್ಟೇ ಬಿಡಲಾಗುವುದಿಲ್ಲ.

ಹುಲ್ಲಿಗೆ ನೋವಾಗುತ್ತದೆಯೇ ಎಂಬುದು ಮೊದಲ ಸಂದೇಹ. ಸಸ್ಯಗಳಿಗೆ ಒಳಗೇ ಅಡಗಿದ ಅರಿವಿದೆ, ಸುಖದುಃಖಗಳಿವೆ ಎಂದು ಮನುಸ್ಮೃತಿಯ ಮೊದಲ ಅಧ್ಯಾಯ ಒಪ್ಪುತ್ತದೆ. ಜೈನರು ಸಸ್ಯವನ್ನು ಏಕೇಂದ್ರಿಯ ಜೀವಿ, ಅಂದರೆ ಸ್ಪರ್ಶವೊಂದನ್ನೇ ಬಲ್ಲ ಜೀವಿ, ಎಂದು ಎಣಿಸುತ್ತಾರೆ. ಮೈಸೂರಿಗೆ ಇನ್ನೂ ಹತ್ತಿರದ ಸಾಕ್ಷ್ಯ ಅರ್ಥಶಾಸ್ತ್ರವೆಂಬ ಪ್ರಾಚೀನ ರಾಜನೀತಿ ಗ್ರಂಥದಲ್ಲಿದೆ. ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಬಂದ ತಾಳೆಗರಿ ಪ್ರತಿಯನ್ನು 1905ರಲ್ಲಿ ಗುರುತಿಸಿ, 1909ರಲ್ಲಿ ಆರ್. ಶಾಮಶಾಸ್ತ್ರಿಗಳು ಪ್ರಕಟಿಸಿದ ಆ ಗ್ರಂಥವು, ನಗರದ ಉದ್ಯಾನಗಳಲ್ಲಿ ಹೂವಿನ, ಹಣ್ಣಿನ, ನೆರಳಿನ ಮರಗಳ ಚಿಗುರು ಮುರಿದರೆ 6 ಪಣ, ಸಣ್ಣ ಕೊಂಬೆ ಕಡಿದರೆ 12, ದಪ್ಪ ಕೊಂಬೆಗೆ 24 ಎಂದು ದಂಡ ಹೇರುತ್ತದೆ. ದಂಡದ ಮೊತ್ತಕ್ಕಿಂತ ಆ ವಿಧಿ ಇರುವ ಸ್ಥಾನ ಮುಖ್ಯವಾದುದು: ಅದು ಬರುವುದು ದಂಡಪಾರುಷ್ಯದ ಪ್ರಕರಣದಲ್ಲಿ, ಮೈಮೇಲೆ ಕೈಮಾಡಿ ಹೊಡೆಯುವ ಅಪರಾಧಗಳ ಸಾಲಿನಲ್ಲಿ. ಹುಲ್ಲಿನ ಹೆಸರು ಅಲ್ಲಿಲ್ಲ ನಿಜ. ಆದರೆ ಗಿಡಕ್ಕೆ ಬಿದ್ದ ಏಟನ್ನು ಏಟೆಂದೇ ಕರೆಯುವ ಮನಸ್ಸು ಅಲ್ಲಿದೆ.

ಆದರೂ ಹುಲ್ಲನ್ನು ಹಾಗೇ ಬಿಡಲಾಗದು. ಪಕ್ಕದ ಮನೆಯಲ್ಲಿ ಮಕ್ಕಳಿರುತ್ತಾರೆ, ಹುಲ್ಲಿನಲ್ಲಿ ಕೊಳಕುಮಂಡಲವಿರಬಹುದು, ಒಣಗಿದ ಮೇಲೆ ಬೆಂಕಿಯ ಭಯ. ಇಲ್ಲಿ ಜೈನ ಶ್ರಾವಕಾಚಾರ, ಅಂದರೆ ಗೃಹಸ್ಥರಿಗಾಗಿ ರೂಪಿಸಿದ ಆಚಾರಸಂಹಿತೆ, ಹೆಚ್ಚು ನೆರವಾಗುತ್ತದೆ, ಏಕೆಂದರೆ ಅದು ಅಸಾಧ್ಯವಾದುದನ್ನು ಕೇಳುವುದಿಲ್ಲ. ಮನೆವಾರ್ತೆಯಲ್ಲಿ ತಪ್ಪಿಸಲಾಗದ ಆರಂಭೀ ಹಿಂಸೆಯನ್ನು ಅದು ಬೇಕೆಂದೇ ಮಾಡುವ ಸಂಕಲ್ಪೀ ಹಿಂಸೆಯಿಂದ ಬೇರ್ಪಡಿಸುತ್ತದೆ. ಉಮಾಸ್ವಾತಿಯ ತತ್ತ್ವಾರ್ಥಸೂತ್ರದ ಪ್ರಕಾರ ಹಿಂಸೆಯ ಬೇರು ಪ್ರಮಾದದಲ್ಲಿದೆ, ಅಂದರೆ ಎಚ್ಚರಗೇಡಿತನದಲ್ಲಿ. ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರವು ನಿಷ್ಪ್ರಯೋಜಕವಾಗಿ ಸಸ್ಯ ಕಡಿಯುವುದನ್ನು ಪ್ರಮಾದಚರ್ಯೆ ಎಂದೂ, ಕೊಡಲಿ ಗುದ್ದಲಿಗಳಂಥ ವಧೆಯ ಸಾಧನಗಳನ್ನು ಇನ್ನೊಬ್ಬರ ಕೈಗಿಡುವುದನ್ನು ಹಿಂಸಾದಾನ ಎಂದೂ ಹೆಸರಿಸಿ ದೋಷಗಳಲ್ಲಿ ಸೇರಿಸುತ್ತದೆ. ಮಾಡಿದ್ದು, ಮಾಡಿಸಿದ್ದು, ಒಪ್ಪಿದ್ದು ಮೂರಕ್ಕೂ ಕರ್ತೃ ಹೊಣೆಯಾದ್ದರಿಂದ, ಕೂಲಿಯವರ ಕೈಗೆ ಯಂತ್ರ ಕೊಟ್ಟು ಮನೆಯೊಳಗೆ ಕುಳಿತ ಸೈಟಿನ ಯಜಮಾನನೂ ಈ ಲೆಕ್ಕದಿಂದ ಪಾರಾಗುವುದಿಲ್ಲ. ಆ ಕೂಲಿಯವರ ಕಣ್ಣಿಗೆ ಕನ್ನಡಕ, ಕಾಲಿಗೆ ಗಟ್ಟಿ ಬೂಟು ಒದಗಿಸುವ ಭಾರವೂ ಅವನದೇ.

ಎಚ್ಚರವೇ ಅಳತೆಗೋಲಾದರೆ, ಎಚ್ಚರವನ್ನು ಬೇಡುವ ಯಂತ್ರವೇ ಮೇಲು. 1971ರಲ್ಲಿ ಅಮೆರಿಕದ ಹ್ಯೂಸ್ಟನ್ನಿನ ಜಾರ್ಜ್ ಬ್ಯಾಲಸ್ ಕಾರು ತೊಳೆಯುವ ಯಂತ್ರದ ತಿರುಗುವ ಕುಂಚಗಳನ್ನು ಕಂಡು ನೈಲಾನ್ ದಾರದ ಕಟರನ್ನು ಕಲ್ಪಿಸಿಕೊಂಡದ್ದು, ಮರಗಳ ತೊಗಟೆಗೆ ಗಾಯವಾಗದಂತೆ ಬುಡದ ಹುಲ್ಲು ತೆಗೆಯುವುದಕ್ಕಾಗಿ. ಆ ಸಾಧನದ ಹುಟ್ಟಿನಲ್ಲೇ ಒಂದು ಕರುಣೆಯಿದೆ. ಎಳೆಯ, ಗಿಡ್ಡ ಹುಲ್ಲಿಗೆ ಅದು ತಕ್ಕದ್ದು. ಬಲಿತ ಹುಲ್ಲಿಗೆ ಒಡ್ಡಿದರೆ ದಂಟುಗಳು ದಾರದ ಬುರುಡೆಗೆ ಸುತ್ತಿಕೊಳ್ಳುತ್ತವೆ, ದಾರ ಸವೆದು ತುಂಡುತುಂಡಾಗಿ ಮಣ್ಣು ಸೇರುತ್ತದೆ, ಹುಲ್ಲು ಕತ್ತರಿಸಿ ಬೀಳುವ ಬದಲು ಚಿಂದಿಯಾಗುತ್ತದೆ. ಲೋಹದ ಅಲಗು ಬುಡದಲ್ಲೇ ನೇರವಾಗಿ ಕೊಯ್ಯುತ್ತದೆ, ಆದರೆ ಇಟ್ಟಿಗೆಯ ಚೂರಿಗೋ ಕಲ್ಲಿಗೋ ತಗುಲಿದರೆ ಇಡೀ ಯಂತ್ರ ಒಮ್ಮೆಲೇ ಪಕ್ಕಕ್ಕೆ ಎಗರಿಬಿಡುತ್ತದೆ. ಖಾಲಿ ಸೈಟೆಂದರೆ ಕಟ್ಟಡದ ಒಡಕಲು, ಬಾಟಲಿ, ತಂತಿ ಇದ್ದೇ ಇರುವುದರಿಂದ, ಅಲಗು ಹಾಕುವವರು ಮೊದಲು ಯಂತ್ರ ನಿಲ್ಲಿಸಿ, ಕೋಲು ಬಡಿಯುತ್ತ ಇಡೀ ಜಾಗವನ್ನು ಒಮ್ಮೆ ನಡೆದು ನೋಡಲೇಬೇಕು. ಹಾಗೆ ನಡೆಯುವಾಗಲೇ ಹಾವು ಸರಿದುಹೋಗುತ್ತದೆ, ಕಪ್ಪೆ ಜಿಗಿಯುತ್ತದೆ, ಹುಲ್ಲಿನ ನಡುವಿನ ರಾಟವಾಳದ ಗೂಡು ಕಣ್ಣಿಗೆ ಬೀಳುತ್ತದೆ. ನೈಲಾನ್ ದಾರ ಕಲ್ಲಿಗೆ ಅಷ್ಟು ಹೆದರಬೇಕಿಲ್ಲ. ಪ್ರಮಾದಕ್ಕೆ ಎಡೆಮಾಡಿಕೊಡುವುದು ಅದರ ಈ ಧೈರ್ಯವೇ.

ಶಕ್ತಿಯ ಮೂಲದ ವಿಚಾರವೂ ಹೀಗೆಯೇ. ಎಣ್ಣೆ ಬೆರೆಸಿದ ಪೆಟ್ರೋಲಿನ ಎರಡು-ಸ್ಟ್ರೋಕ್ ಎಂಜಿನ್ನಿಗೆ ಬಲ ಹೆಚ್ಚು, ಆದರೆ ಅದರ ಸದ್ದಿಗೆ ಕಿವಿ ಮುಚ್ಚಿಕೊಂಡವನಿಗೆ ಗೌಜಲಹಕ್ಕಿಯ ಕೂಗು ಕೇಳಿಸದು. 30×40 ಅಡಿಯ ಒಂದು ಸೈಟಿಗೆ, ಅಲಗು ತಿರುಗಿಸಬಲ್ಲ ಬ್ಯಾಟರಿ ಯಂತ್ರ ಸಾಕಾಗುವಲ್ಲಿ ಅದನ್ನೇ ಆರಿಸುವುದು ಲೇಸು.

ಕಾಲದ ಆಯ್ಕೆಯೂ ಇದೆ. ಮಳೆಗಾಲದಲ್ಲಿ ಮಣ್ಣು, ಹುಲ್ಲು ಜೀವರಾಶಿಯಿಂದ ತುಂಬಿರುತ್ತವೆಂದೇ ಜೈನ ಮುನಿಗಳು ಸಂಚಾರ ನಿಲ್ಲಿಸಿ ಚಾತುರ್ಮಾಸ್ಯಕ್ಕೆ ಕೂರುತ್ತಾರೆ. ಗೃಹಸ್ಥರು ಕಾಲುದಾರಿಯನ್ನೂ ಬೇಲಿಯಂಚನ್ನೂ ಮಾತ್ರ ಆಗ ಬಿಡಿಸಿಕೊಂಡು, ಉಳಿದುದನ್ನು ದೀಪಾವಳಿಯ ನಂತರ, ಬೇಸಿಗೆಯ ಬೆಂಕಿಗೆ ಮುಂಚೆ ಕೊಯ್ಯಬಹುದು. ಬೆಳೆಸಿದ ಅಥವಾ ಕಾಡಿನಲ್ಲಿ ತಾನಾಗಿ ಬೆಳೆದ ಸಸ್ಯಗಳನ್ನು ವೃಥಾ ಕಡಿದವನು ಹಾಲು ಮಾತ್ರ ಕುಡಿದು ಒಂದು ದಿನ ಹಸುವಿನ ಹಿಂದೆ ನಡೆಯಬೇಕೆಂದು ಮನುಸ್ಮೃತಿಯ ಹನ್ನೊಂದನೆಯ ಅಧ್ಯಾಯ ವಿಧಿಸುತ್ತದೆ. ಕೊಯ್ದುದು ವೃಥಾ ಆಗದಿರಲು ದಾರಿಯಿದೆ: ಅಲಗಿನಿಂದ ಕೊಯ್ದ ಹುಲ್ಲು ಇಡಿಯಾಗಿ ಬೀಳುವುದರಿಂದ, ಪಾರ್ಥೇನಿಯಮ್ ಕಳೆಯನ್ನು ಆರಿಸಿ ತೆಗೆದು, ಹೊರೆ ಕಟ್ಟಿ, ಹಸು ಸಾಕಿದವರ ಕೊಟ್ಟಿಗೆಗೆ ಕಳಿಸಬಹುದು. ನೈಲಾನಿನ ಚೂರು ಬೆರೆತ ಚಿಂದಿಯನ್ನು ಯಾವ ಹಸುವಿನ ಮುಂದೆಯೂ ಇಡಲಾಗದು. ಕೊಯ್ಯುವಾಗ ರಸ್ತೆಯ ಬದಿಯಿಂದ ಶುರುಮಾಡಿ, ಹುಲ್ಲಿರುವ ಪಕ್ಕದ ಸೈಟಿನ ಕಡೆಗೆ ಸಾಗಿ, ಆ ಗಡಿಯಲ್ಲಿ ಒಂದು ಪಟ್ಟಿಯನ್ನು ಕೊಯ್ಯದೆ ಬಿಟ್ಟರೆ, ಓಡಿ ಪಾರಾಗುವ ಜೀವಗಳಿಗೆ ಅಷ್ಟು ಮರೆ ಉಳಿಯುತ್ತದೆ.