ದೂರದ ಓಟಕ್ಕೆ ಸಿದ್ಧತೆ

(ಮೊದಲು ಓದತಕ್ಕ ಭಾಗಗಳು: 1 ಕೊರಿಂಥ 9:24–27, ಇಬ್ರಿಯ 12:1–3)



ಅಪೊಸ್ತಲನಾದ ಪೌಲನು ಕೊರಿಂಥ ಪಟ್ಟಣದಲ್ಲಿ ಒಂದೂವರೆ ವರುಷ ವಾಸಮಾಡಿದನೆಂದು ಅಪೊಸ್ತಲರ ಕೃತ್ಯಗಳ 18ನೆಯ ಅಧ್ಯಾಯದಿಂದ ಬಲ್ಲೆವು. ಆ ಪಟ್ಟಣಕ್ಕೆ ಸಮೀಪವಾದ ಇಸ್ತ್ಮಿಯವೆಂಬ ಸ್ಥಳದಲ್ಲಿ ಎರಡು ವರುಷಗಳಿಗೊಮ್ಮೆ ದೊಡ್ಡ ಪಂದ್ಯಗಳು ನಡೆಯುತ್ತಿದ್ದವು. ಗೆದ್ದವನ ತಲೆಗೆ ಪೈನ್ ಮರದ ಚಿಗುರಿನ ಇಲ್ಲವೆ ಒಂದು ಬಗೆಯ ಕಾಡುಸೊಪ್ಪಿನ ಕಿರೀಟವನ್ನು ಇಡುತ್ತಿದ್ದರು. ಆದದರಿಂದ ಪೌಲನು ಓಟಗಾರರ ವಿಷಯವಾಗಿ ಬರೆದಾಗ ಕೊರಿಂಥದವರಿಗೆ ಅರ್ಥ ಹೇಳಿಕೊಡುವವರು ಬೇಕಾಗಿರಲಿಲ್ಲ. ಅವರು ಅದನ್ನು ಕಣ್ಣಾರೆ ಕಂಡವರು.

ಆದರೆ ಒಂದು ಮಾತನ್ನು ಗಮನಿಸಿರಿ. ನೋಡುವವರು ಓಟವನ್ನು ನೋಡುತ್ತಾರೆ, ಅದರ ಹಿಂದಿನ ಅಭ್ಯಾಸವನ್ನು ನೋಡುವುದಿಲ್ಲ. ಅದೇ ಗ್ರೀಕ್ ದೇಶದ ಒಲಿಂಪಿಯದಲ್ಲಿ ಪಂದ್ಯಕ್ಕೆ ಬಂದವರು ತಾವು ಹತ್ತು ತಿಂಗಳು ನಿಯಮದಂತೆ ಅಭ್ಯಾಸಮಾಡಿದ್ದೇವೆಂದು ಪ್ರಮಾಣಮಾಡಬೇಕಾಗಿತ್ತು. ಅಲ್ಲಿ ಕ್ರಿಸ್ತಪೂರ್ವ 720ರಲ್ಲಿ ದೂರದ ಓಟವು ಪ್ರಾರಂಭವಾಯಿತು. ಸುಮಾರು 192 ಮೀಟರ್ ಉದ್ದದ ಓಟದ ಬಯಲನ್ನು 20 ಸಲವೋ 24 ಸಲವೋ ಓಡುತ್ತಿದ್ದರೆಂದು ಹೇಳುತ್ತಾರೆ. ಇದು ಸುಮಾರು ನಾಲ್ಕು ನಾಲ್ಕೂವರೆ ಕಿಲೋಮೀಟರ್. ಈ ಕಾಲದಲ್ಲಿ ಹೊಸಬರು ಮೊದಲ ಓಟಕ್ಕೆ ಆರಿಸಿಕೊಳ್ಳುವ ಐದು ಕಿಲೋಮೀಟರಿಗೆ ಅದು ಸಮೀಪವೇ. ಸ್ವಲ್ಪ ಹೊತ್ತಿನಲ್ಲಿ ಮುಗಿಯುವ ಓಟಕ್ಕೆ ಹತ್ತು ತಿಂಗಳ ಸಿದ್ಧತೆ! ಪೌಲನು ಮಿತದ ವಿಷಯವಾಗಿಯೂ ಶರೀರವನ್ನು ಅಧೀನಮಾಡುವ ವಿಷಯವಾಗಿಯೂ ಬರೆದದ್ದು ಇದನ್ನು ಕುರಿತೇ.

ಇದನ್ನು ನಾನು ಅನೇಕ ವರುಷ ಪ್ರಸಂಗಿಸಿದೆನು. ಆದರೆ ಅದರ ಅರ್ಥವು ನನ್ನ ಕಾಲುಗಳಿಂದಲೇ ನನಗೆ ತಿಳಿದುಬಂತು. ನಲವತ್ತೆಂಟನೆಯ ವಯಸ್ಸಿನಲ್ಲಿ ವೈದ್ಯರು ನನ್ನ ರಕ್ತವನ್ನು ಪರೀಕ್ಷಿಸಿ, ದೇಹವನ್ನು ದಂಡಿಸದಿದ್ದರೆ ಸಕ್ಕರೆಯ ರೋಗವು ಬಹು ದೂರವಿಲ್ಲವೆಂದು ಎಚ್ಚರಿಸಿದರು. ಅದೇ ವರುಷ ಜಿಲ್ಲೆಯ ಪಟ್ಟಣದಲ್ಲಿ ಹತ್ತು ಕಿಲೋಮೀಟರಿನ ಓಟ ನಡೆಯುವುದೆಂದು ಕೇಳಿ, ಸಭೆಯ ಯೌವನಸ್ಥರ ಮುಂದೆ ನಾನೂ ಓಡುವೆನೆಂದು ಹೇಳಿಬಿಟ್ಟೆನು. ಮರುದಿನ ಬೆಳಿಗ್ಗೆ ಕೆರೆಯ ಏರಿಯ ಮೇಲೆ ಉಸಿರು ಕಟ್ಟುವ ತನಕ ಓಡಿದೆನು. ಎರಡನೆಯ ದಿನವೂ ಹಾಗೆಯೇ ಓಡಿದೆನು. ದನ ಮೇಯಿಸುವ ಹುಡುಗರು ನೋಡುತ್ತಿದ್ದದರಿಂದ ನಡೆಯುವುದಕ್ಕೆ ನಾಚಿಕೆಯಾಯಿತು. ಎರಡು ವಾರ ತುಂಬುವದರೊಳಗೆ ಮೊಣಕಾಲಿನ ಕೆಳಗಿನ ಮುಂಗಾಲೆಲುಬು ನೊಂದು, ದೇವಾಲಯದ ಮೆಟ್ಟಿಲು ಹತ್ತುವುದೂ ಕಷ್ಟವಾಯಿತು. ತಾಳ್ಮೆಯನ್ನು ಇತರರಿಗೆ ಬೋಧಿಸಿದವನು ತನ್ನ ಕಾಲಿಗೆ ತಾಳ್ಮೆಯನ್ನು ಬೋಧಿಸಲಿಲ್ಲ.

ಓಟದ ಅನುಭವವುಳ್ಳ ಒಬ್ಬ ಶಾಲಾ ಶಿಕ್ಷಕರು ನನ್ನನ್ನು ನೋಡಿ ನಗಲಿಲ್ಲ. ನೋವು ಪೂರ್ಣವಾಗಿ ಹೋಗುವ ತನಕ ಕಾಯಹೇಳಿ, ಆಮೇಲೆ ಮೂರು ಸಂಗತಿಗಳನ್ನು ಕಲಿಸಿದರು.

ಮೊದಲನೆಯದಾಗಿ, ನಡೆಯುವುದು ಅವಮಾನವಲ್ಲ. ಒಂದು ನಿಮಿಷ ಮೆಲ್ಲನೆ ಓಡಿ ಎರಡು ನಿಮಿಷ ನಡೆಯಬೇಕು. ಹೀಗೆ ಅರ್ಧ ತಾಸು, ವಾರದಲ್ಲಿ ಮೂರು ದಿನ ಮಾತ್ರ. ಓಡುವಾಗ ಪಕ್ಕದಲ್ಲಿರುವವನ ಸಂಗಡ ಪೂರ್ಣವಾದ ಒಂದು ವಾಕ್ಯವನ್ನು ಆಡುವಷ್ಟು ಉಸಿರು ಉಳಿದಿರಬೇಕು. ಮಾತು ತುಂಡಾದರೆ ವೇಗವು ಹೆಚ್ಚಾಯಿತೆಂದು ತಿಳಿಯಬೇಕು. ವಾರ ವಾರಕ್ಕೆ ಓಟವನ್ನು ಸ್ವಲ್ಪ ಹೆಚ್ಚಿಸಿ ನಡಿಗೆಯನ್ನು ಸ್ವಲ್ಪ ಕಡಿಮೆಮಾಡಬೇಕು.

ಎರಡನೆಯದಾಗಿ, ದೇಹದ ಅಂಗಗಳೆಲ್ಲವೂ ಒಂದೇ ಕಾಲದಲ್ಲಿ ಬಲವನ್ನು ಹೊಂದುವುದಿಲ್ಲ. ಹೃದಯವೂ ಉಸಿರೂ ಕೆಲವು ವಾರಗಳಲ್ಲಿಯೇ ಸುಧಾರಿಸುತ್ತವೆ. ಎಲುಬುಗಳಿಗೂ ಸ್ನಾಯುಗಳನ್ನು ಎಲುಬಿಗೆ ಕಟ್ಟುವ ನರಹುರಿಗಳಿಗೂ ತಿಂಗಳುಗಳು ಬೇಕು. ಆದದರಿಂದ ಹೊಸಬನಿಗೆ ಅಪಾಯವು ದುರ್ಬಲನಾಗಿರುವಾಗ ಅಲ್ಲ, ತಾನು ಬಲವಾದೆನೆಂದು ಎಣಿಸುವಾಗ ಬರುತ್ತದೆ. ಉಸಿರು ಮುಂದಕ್ಕೆ ಹೋಗೆಂದು ಹೇಳುತ್ತದೆ, ಎಲುಬು ಇನ್ನೂ ಹಿಂದೆಯೇ ಇರುತ್ತದೆ.

ಮೂರನೆಯದಾಗಿ, ವಿಶ್ರಾಂತಿಯೂ ಅಭ್ಯಾಸದ ಒಂದು ಭಾಗ. ಓಡುವ ದಿನದಲ್ಲಿ ದೇಹವು ಸವೆಯುತ್ತದೆ, ಬಿಡುವಿನ ದಿನದಲ್ಲಿಯೂ ನಿದ್ರೆಯಲ್ಲಿಯೂ ಅದು ದುರಸ್ತಾಗಿ ಮೊದಲಿಗಿಂತ ಗಟ್ಟಿಯಾಗುತ್ತದೆ. ಬಿಡುವಿಲ್ಲದವನಿಗೆ ಸವೆತವೇ ಉಳಿಯುತ್ತದೆ. ಓಟದ ಮುಂಚಿನ ವಾರದಲ್ಲಿ ಅಭ್ಯಾಸವನ್ನು ಕಡಿಮೆಮಾಡಬೇಕೇ ಹೊರತು ಹೆಚ್ಚಿಸಬಾರದು. ಎದೆ ನೋವು, ತಲೆ ತಿರುಗುವಿಕೆ ಬಂದರೆ ಕೂಡಲೆ ನಿಂತು ವೈದ್ಯರ ಬಳಿಗೆ ಹೋಗಬೇಕು. ಮೊದಲೇ ರೋಗವುಳ್ಳವರು ವೈದ್ಯರನ್ನು ಕೇಳದೆ ಪ್ರಾರಂಭಿಸಲೇ ಬಾರದು.

ಪ್ರಿಯರೇ, ಈ ಮೂರು ಮಾತುಗಳನ್ನು ಕೇಳಿ ಮನೆಗೆ ಹೋಗುವಾಗ ನನ್ನ ಮನಸ್ಸಾಕ್ಷಿಯು ಬೇರೊಂದು ವಿಷಯದಲ್ಲಿ ನನ್ನನ್ನು ಚುಚ್ಚಿತು. ಅದಕ್ಕೆ ಎರಡು ವರುಷ ಮುಂಚೆ ಒಬ್ಬ ರೈತನು ದೀಕ್ಷಾಸ್ನಾನವನ್ನು ಹೊಂದಿ ನಮ್ಮ ಸಭೆಗೆ ಸೇರಿದ್ದನು. ನಾನು ಅವನ ಮೇಲೆ ಒಂದೇ ತಿಂಗಳಲ್ಲಿ ಎಷ್ಟು ಭಾರ ಹೊರಿಸಿದೆನು! ದಿನಕ್ಕೆ ಎರಡು ಅಧ್ಯಾಯ ಓದಬೇಕು, ಪ್ರಶ್ನೋತ್ತರಗಳನ್ನು ಬಾಯಿಪಾಠ ಮಾಡಬೇಕು, ಒಂದು ಕೂಟವನ್ನೂ ತಪ್ಪಿಸಬಾರದು. ಅವನಾದರೋ ಅಕ್ಷರ ಕೂಡಿಸಿ ಓದುವವನು, ಸುಗ್ಗಿಯ ಕಾಲದಲ್ಲಿ ರಾತ್ರಿಯೆಲ್ಲಾ ಕಣದಲ್ಲಿ ಇರುವವನು. ಒಂದು ಭಾನುವಾರ ಎಲ್ಲರ ಮುಂದೆ ಅವನನ್ನು ಎಬ್ಬಿಸಿ ಬಾಯಿಪಾಠ ಒಪ್ಪಿಸಹೇಳಿದೆನು. ಅವನು ತಡವರಿಸಿದನು, ಕೆಲವರು ನಕ್ಕರು. ಅಂದಿನಿಂದ ಅವನು ಬರಲಿಲ್ಲ. ಅವನ ವಿಶ್ವಾಸವು ಬಂಡೆಯ ಮೇಲೆ ಬಿದ್ದ ಬೀಜವೆಂದು ನಾನು ಹೇಳಿಕೊಂಡು ಸಮಾಧಾನಪಟ್ಟೆನು. ಆದರೆ ಬೀಜದಲ್ಲಿ ದೋಷವಿರಲಿಲ್ಲ, ನೆಲದಲ್ಲಿಯೂ ಇರಲಿಲ್ಲ. ಮೊಳಕೆಯನ್ನು ಹಿಡಿದು ಎಳೆದವನು ನಾನೇ.

ಕಾಲು ನೋವಿನಿಂದ ಕುಂಟುತ್ತಲೇ ಅವನ ಮನೆಗೆ ಹೋದೆನು. ತಪ್ಪು ನನ್ನದೆಂದು ಹೇಳಿದೆನು. ಅವನು ಬಹಳ ಹೊತ್ತು ಸುಮ್ಮನಿದ್ದು, ನನ್ನ ಕಾಲಿಗೆ ಏನಾಯಿತೆಂದು ಕೇಳಿದನು. ಹೇಳಿದೆನು. ಆಗ ಅವನು ನಕ್ಕು, ಎಳೆಯ ಹೋರಿಗೆ ಮೊದಲ ದಿನವೇ ತುಂಬಿದ ಬಂಡಿಯನ್ನು ಕಟ್ಟುವವರುಂಟೇ ಅಂದನು. ಇಷ್ಟು ವರುಷ ಪ್ರಸಂಗಿಸಿದ ನನಗೆ ಅವನ ಅಂಗಳದಲ್ಲಿ ಪ್ರಸಂಗವಾಯಿತು. ಆ ಸಾಯಂಕಾಲ ನಾವಿಬ್ಬರೂ ಕೂಡಿ ನಾಲ್ಕು ವಚನಗಳನ್ನು ಮಾತ್ರ ಓದಿದೆವು.

ಓಟದ ದಿನದ ಎಚ್ಚರಿಕೆಯೊಂದುಂಟು. 1908ರ ಜುಲೈ 24ರಂದು ಲಂಡನ್ ಪಟ್ಟಣದಲ್ಲಿ 42 ಕಿಲೋಮೀಟರಿಗೂ ಮೀರಿದ ಮ್ಯಾರಥಾನ್ ಓಟದಲ್ಲಿ ಇಟಲಿಯ ಡೊರಾಂಡೊ ಪಿಯೆಟ್ರಿ ಎಂಬವನು, ಮುಂದಿದ್ದವನನ್ನು ಹಿಡಿಯುವದಕ್ಕೆ ವೇಗವನ್ನು ಹೆಚ್ಚಿಸಿ, ಎಲ್ಲರಿಗಿಂತ ಮೊದಲು ಕ್ರೀಡಾಂಗಣವನ್ನು ಸೇರಿದನು. ಆದರೆ ಶಕ್ತಿಯು ತೀರಿಹೋಗಿತ್ತು. ದಿಕ್ಕು ತಪ್ಪಿದನು, ಹಲವು ಸಲ ಬಿದ್ದನು. ಅಧಿಕಾರಿಗಳು ಮರುಗಿ ಎತ್ತಿ ಗೆರೆ ದಾಟಿಸಿದರು. ಆ ಸಹಾಯದ ನಿಮಿತ್ತವೇ ಅವನ ಗೆಲುವು ರದ್ದಾಗಿ, ಅಮೆರಿಕದ ಜಾನ್ ಹೇಸ್ ಗೆದ್ದವನಾದನು. ಆದರೂ ಮರುದಿನ ಅಲೆಕ್ಸಾಂಡ್ರಾ ರಾಣಿಯು ಪಿಯೆಟ್ರಿಗೆ ಒಂದು ಬಟ್ಟಲನ್ನು ಕೊಟ್ಟು ಮನ್ನಿಸಿದಳು. ಮೊದಲ ಮೈಲಿಯಲ್ಲಿಯೂ ನಡುವಿನಲ್ಲಿಯೂ ನೆರೆಯವನನ್ನು ನೋಡಿ ಓಡುವವನು ಕಡೆಯ ಮೈಲಿಗೆ ಏನನ್ನು ಉಳಿಸಿಕೊಳ್ಳುವನು? ಕಣ್ಣು ನೆರೆಯವನ ಮೇಲಲ್ಲ, ಗುರಿಯ ಮೇಲಿರಲಿ.

ಇನ್ನೊಬ್ಬನನ್ನೂ ಜ್ಞಾಪಕಮಾಡಿಕೊಳ್ಳಿರಿ. 1968ರಲ್ಲಿ ಮೆಕ್ಸಿಕೋ ಪಟ್ಟಣದ ಮ್ಯಾರಥಾನಿನಲ್ಲಿ ತಾಂಜಾನಿಯ ದೇಶದ ಜಾನ್ ಸ್ಟೀಫನ್ ಅಖ್ವಾರಿ ಎಂಬವನು ದಾರಿಯಲ್ಲಿ ಬಿದ್ದು ಮೊಣಕಾಲಿಗೆ ಪೆಟ್ಟು ಮಾಡಿಕೊಂಡನು. ಗೆದ್ದವನು ಮುಟ್ಟಿ ಒಂದು ತಾಸಿಗಿಂತ ಹೆಚ್ಚಾದ ಮೇಲೆ, ಕಟ್ಟು ಹಾಕಿದ ಕಾಲಿನಿಂದ ಕುಂಟುತ್ತಾ, ಬಹುಮಂದಿ ಎದ್ದುಹೋಗಿದ್ದ ಕ್ರೀಡಾಂಗಣಕ್ಕೆ ಬಂದು ಓಟವನ್ನು ಮುಗಿಸಿದನು. ಮುಗಿಸಿದವರು 57 ಮಂದಿ, ಅವನು ಕಡೆಯವನು. ಅನೇಕರು ನಡುವೆಯೇ ಬಿಟ್ಟುಬಿಟ್ಟಿದ್ದರು. ಅವರಲ್ಲಿ ಅವನಿಗಿಂತ ವೇಗವುಳ್ಳವರು ಇದ್ದಿರಬಹುದು, ಆದರೆ ಇಂದು ಜನರು ನೆನಸುವುದು ಇವನನ್ನು.

ನನ್ನ ಓಟದ ಸಂಗತಿಯನ್ನು ಕೇಳುವಿರೋ? ಐದು ತಿಂಗಳ ಅಭ್ಯಾಸದ ತರುವಾಯ ಹತ್ತು ಕಿಲೋಮೀಟರನ್ನು ಒಂದು ತಾಸು ಇಪ್ಪತ್ತಾರು ನಿಮಿಷಗಳಲ್ಲಿ ಮುಗಿಸಿದೆನು. ಮೂರು ಸಲ ನಡೆದೆನು. ಶಾಲೆಯ ಹುಡುಗಿಯರು ನನ್ನನ್ನು ದಾಟಿ ಹೋದರು. ಗೆರೆಯ ಬಳಿಯಲ್ಲಿ ಬೆಲ್ಲವನ್ನೂ ನೀರಿನ ತಂಬಿಗೆಯನ್ನೂ ಹಿಡಿದು ಆ ರೈತನು ನಿಂತಿದ್ದನು. ನನಗೆ ಬೇರೆ ಕಿರೀಟ ಬೇಕಾಗಿರಲಿಲ್ಲ.

ಆದದರಿಂದ ಸಹೋದರ ಸಹೋದರಿಯರೇ, ಹೊಸದಾಗಿ ಮಾರ್ಗಕ್ಕೆ ಬಂದವರೇ, ಇಂದು ಒಂದು ನಿಮಿಷ ಓಡಿರಿ, ಎರಡು ನಿಮಿಷ ನಡೆಯಿರಿ, ಆದರೆ ನಾಳಿದ್ದು ತಿರಿಗಿ ಹೊರಡಿರಿ. ಒಂದು ಸಣ್ಣ ಪ್ರಾರ್ಥನೆ, ಒಂದು ವಚನ, ಒಂದು ಕೆಟ್ಟ ಅಭ್ಯಾಸದ ಸಂಗಡ ಒಂದು ದಿನದ ಹೋರಾಟ, ಇವು ಅಲ್ಪವಲ್ಲ. ಬಿದ್ದರೆ ಏಳಿರಿ. ಹಳಬರಾದವರೇ, ನಡೆಯುವವನನ್ನು ನೋಡಿ ನಗಬೇಡಿರಿ. ಅವನ ಪಕ್ಕದಲ್ಲಿ ಅವನ ಹೆಜ್ಜೆಗೆ ಹೆಜ್ಜೆಯಿಟ್ಟು ಸ್ವಲ್ಪ ದೂರ ಹೋಗಿರಿ. ನಿಮ್ಮ ಮಾತಿನಿಂದ ಕೂಟಕ್ಕೆ ಬರುವುದನ್ನು ಬಿಟ್ಟವರು ಯಾರಾದರೂ ಇದ್ದಾರೋ? ಈ ವಾರವೇ ಅವರ ಅಂಗಳಕ್ಕೆ ಹೋಗಿರಿ. ನಮ್ಮ ಮುಂದೆ ಓಡಿ ಮುಗಿಸಿದ ಕರ್ತನು ಕಡೆಯವನು ಬರುವ ತನಕ ಗೆರೆಯ ಬಳಿಯಲ್ಲಿ ಕಾದಿರುತ್ತಾನೆ. ಆಮೆನ್.